ಟೈವೋ: ಜಾಹೀರಾತಿನ ಮೇಲೆ ಬದುಕುವವರೇ ತಂದ ರೆಕಾರ್ಡರ್

ಟೀವಿ ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡಿಡುವ ಡಬ್ಬ ಟೈವೋ ಆಸ್ಟ್ರೇಲಿಯಕ್ಕೆ ಬಂದದ್ದು 2008ರ ಜುಲೈ 29ಕ್ಕೆ, ಇಲ್ಲಿಯ ಸೇವೆ 2017ರಲ್ಲಿ ನಿಂತಿತು. ಅಮೆರಿಕದವರು 1999ರಿಂದಲೂ ಬಳಸುತ್ತಿದ್ದರು. ನಮ್ಮ ಸಿಡ್ನಿ ಅಂಗಡಿಗಳಿಗೆ ಬರಲು ಇಷ್ಟು ವರ್ಷ ಹಿಡಿಯಿತು. ಬೆಲೆ ಆಗ 699 ಆಸ್ಟ್ರೇಲಿಯನ್ ಡಾಲರ್. ರೂಪಾಯಿಗೆ ಲೆಕ್ಕ ಹಾಕಿದರೆ ಕೊಳ್ಳೋಕೆ ಮನಸ್ಸು ಬರುತ್ತಿರಲಿಲ್ಲ, ಹಾಕಲಿಲ್ಲ.

ನಾವು ಕೊಂಡದ್ದು ನನ್ನ ಡ್ಯೂಟಿಯಿಂದಾಗಿ. ನಾನು ನರ್ಸ್. ಈವ್ನಿಂಗ್ ಶಿಫ್ಟ್ ಇದ್ದರೆ ಮಧ್ಯಾಹ್ನ ಎರಡೂವರೆಗೆ ವಾರ್ಡಿನಲ್ಲಿರಬೇಕು, ಬಿಡುವುದು ರಾತ್ರಿ ಹನ್ನೊಂದಕ್ಕೆ. ಟೀವಿಯಲ್ಲಿ ನೋಡುವಂಥದ್ದೆಲ್ಲ ಬರುವುದು ಆ ಹೊತ್ತಿನಲ್ಲೇ, ಅಲ್ವಾ? ನೈಟ್ ಶಿಫ್ಟ್ ಇದ್ದರೆ ಹಗಲೆಲ್ಲ ನಿದ್ದೆ. ಹಳೇ ವಿಸಿಆರ್‌ನಲ್ಲಿ ಟೈಮರ್ ಇಟ್ಟು, ಕ್ಯಾಸೆಟ್ ತಿರುಗಿಸಿ ಹಾಕಿ ಸಾಕಾಗಿತ್ತು.

ಡಬ್ಬದೊಳಗೆ 160 ಜಿಬಿ ಹಾರ್ಡ್ ಡಿಸ್ಕ್ ಇತ್ತು, ಚಾನೆಲ್ ಹಿಡಿಯುವ ಟ್ಯೂನರ್ ಎರಡು ಇದ್ದವು. ಅಂದರೆ ಒಂದೇ ಹೊತ್ತಿಗೆ ಎರಡು ಚಾನೆಲ್ ರೆಕಾರ್ಡ್ ಮಾಡಿ, ಮೂರನೆಯದಾಗಿ ಮೊನ್ನೆ ಹಿಡಿದಿಟ್ಟಿದ್ದನ್ನು ನೋಡಬಹುದಿತ್ತು. ಮನೆಯಲ್ಲಿ ಹಳೇ ಟೀವಿ ಇದ್ದರೆ ಡಿಜಿಟಲ್ ಚಾನೆಲ್‌ಗೆ ಬೇರೆ ಸೆಟ್ ಟಾಪ್ ಬಾಕ್ಸ್ ಬೇಕಿರಲಿಲ್ಲ. ಆದರೆ ಬ್ರಾಡ್‌ಬ್ಯಾಂಡ್ ಬೇಕೇ ಬೇಕಿತ್ತು, ಕಾರ್ಯಕ್ರಮಗಳ ಪಟ್ಟಿ ಅದರಿಂದಲೇ ಇಳಿಯುತ್ತಿತ್ತು. ವೈರ್‌ಲೆಸ್ ಅಡಾಪ್ಟರ್‌ಗೆ ಬೇರೆ ದುಡ್ಡು. ನಾವು ಸುಮ್ನೆ ಗೋಡೆಯಂಚಿಗೆ ಉದ್ದದ ಕೇಬಲ್ ಎಳೆದುಬಿಟ್ಟೆವು.

ಕೊಂಡ ಸ್ವಲ್ಪ ದಿನಕ್ಕೇ ಬೀಜಿಂಗ್ ಒಲಿಂಪಿಕ್ಸ್ ಶುರುವಾಯಿತು. ಈಜಿನ ಫೈನಲ್‌ಗಳು ಅಲ್ಲಿ ಬೆಳಗ್ಗೆ ನಡೆದವು, ಇಲ್ಲಿ ಆಗ ಮಟಮಟ ಮಧ್ಯಾಹ್ನ. ನಾನು ಪರದೆ ಎಳೆದು ಮಲಗಿರುವ ಹೊತ್ತು. ಅಮೆರಿಕದ ಈಜುಗಾರ ಫೆಲ್ಪ್ಸ್ ಎಂಟು ಚಿನ್ನ ಗೆದ್ದದ್ದನ್ನು ನಾನು ನೋಡಿದ್ದು ಸಂಜೆ ಕಾಫಿ ಕುಡಿಯುತ್ತಾ. ಮನೆಯವರಿಗೆ ಫಲಿತಾಂಶ ಹೇಳಬೇಡಿ ಅಂತ ಕಟ್ಟಪ್ಪಣೆ ಮಾಡಿದ್ದೆ. ಪಾಲಿಸಲಿಲ್ಲ, ಅದು ಬೇರೆ ಮಾತು.

ಇಷ್ಟವಾದ ಧಾರಾವಾಹಿಗೆ ಒಮ್ಮೆ ಸೀಸನ್ ಪಾಸ್ ಕೊಟ್ಟರೆ ಸಾಕು, ಆ ಚಾನೆಲ್‌ನವರು ಹೊತ್ತು ಬದಲಿಸಿದರೂ ಅದೇ ಹುಡುಕಿಕೊಂಡು ರೆಕಾರ್ಡ್ ಮಾಡುತ್ತಿತ್ತು. ರಿಮೋಟ್ ಶೇಂಗಾಕಾಯಿ ಆಕಾರದ್ದು, ಕೈಗೆ ಚೆನ್ನಾಗಿ ಕೂರುತ್ತಿತ್ತು. ಅದರಲ್ಲಿ ಎರಡು ಹೆಬ್ಬೆರಳಿನ ಬಟನ್. ಹಸಿರು ಒತ್ತಿದರೆ ಇಷ್ಟ, ಕೆಂಪು ಒತ್ತಿದರೆ ಬೇಡ. ಅದನ್ನು ನೋಡಿಕೊಂಡು, ಜಾಗ ಖಾಲಿ ಇದ್ದರೆ, ನಿಮಗೆ ಇಷ್ಟವಾಗಬಹುದಾದ್ದನ್ನು ತಾನಾಗಿಯೇ ಹಿಡಿದಿಡುತ್ತಿತ್ತು. ನಮ್ಮತ್ತೆ ಊರಿಂದ ಬಂದಿದ್ದರು. ಇಂಗ್ಲಿಷ್ ಅಷ್ಟಾಗಿ ಬರಲ್ಲ, ಆದರೆ ಅಡುಗೆ, ಕೈತೋಟದ ಕಾರ್ಯಕ್ರಮ ಬಂದರೆ ಹಸಿರು ಬಟನ್ ಒತ್ತುತ್ತಲೇ ಇರುತ್ತಿದ್ದರು. ಆಗ ಲಿಸ್ಟ್ ತುಂಬಾ ಕೇಕು, ಗುಲಾಬಿ ಗಿಡ. "ನೋಡಮ್ಮಾ, ನಾನು ಕೇಳದೇನೇ ಹಾಕಿಟ್ಟಿದೆ. ನಿನ್ನ ಗಂಡನಿಗೆ ಈ ಬುದ್ಧಿ ಇಲ್ಲ" ಅಂತಿದ್ದರು.

ಜಾಹೀರಾತಿನ ವಿಷಯಕ್ಕೆ ಬರೋಣ. ಟೈವೋಗೆ ಅಮೆರಿಕದಲ್ಲಿ ಹೆಸರು ಬಂದದ್ದೇ ಜಾಹೀರಾತನ್ನು ನೋಡದೆ ಬೇಗ ದಾಟಿಸಿಬಿಡಬಹುದು ಅಂತ. ಇಲ್ಲಿಗೆ ತಂದ ಹೈಬ್ರಿಡ್ ಟೆಲಿವಿಷನ್ ಕಂಪನಿಯ ಒಡೆತನ ಯಾರದ್ದಾಗಿತ್ತು ಗೊತ್ತಾ? ಸೆವೆನ್ ನೆಟ್‌ವರ್ಕ್‌ದು. ಜಾಹೀರಾತಿನಿಂದಲೇ ಬದುಕುವ ಚಾನೆಲ್! ಹಾಗಾಗಿ ಒಂದೇ ಸಲಕ್ಕೆ ಜಾಹೀರಾತು ಹಾರಿಸುವ ಬಟನ್ ಇದರಲ್ಲಿರಲಿಲ್ಲ. ಫಾಸ್ಟ್ ಫಾರ್ವರ್ಡ್ ಇತ್ತು, ಮೂರು ವೇಗದಲ್ಲಿ. ಕಾರ್ಯಕ್ರಮ ಶುರುವಾದದ್ದು ಕಂಡು ಪ್ಲೇ ಒತ್ತಿದರೆ ತಾನೇ ಒಂಚೂರು ಹಿಂದೆ ಸರಿದು ನಿಲ್ಲುತ್ತಿತ್ತು, ನಮ್ಮ ಬೆರಳು ತಡ ಅಂತ ಅದಕ್ಕೆ ಗೊತ್ತಿತ್ತು. ಇದು ನನಗೆ ಬಹಳ ಹಿಡಿಸಿತು. ಅಮೆರಿಕದಲ್ಲಿ ರಿಪ್ಲೇಟಿವಿ ಅನ್ನುವ ಇನ್ನೊಂದು ರೆಕಾರ್ಡರ್ ಜಾಹೀರಾತನ್ನು ತಾನಾಗಿಯೇ ಹಾರಿಸುತ್ತಿತ್ತು. 2001ರಲ್ಲಿ ಚಾನೆಲ್‌ಗಳು ಅದನ್ನು ಕೋರ್ಟಿಗೆ ಎಳೆದವು, 2003ರಲ್ಲಿ ಅದರ ಕಂಪನಿ ದಿವಾಳಿಯಾಯಿತು. ಬಟನ್ ಯಾಕಿರಲಿಲ್ಲ ಅನ್ನುವುದು ಅರ್ಥವಾಗುತ್ತೆ, ಆದರೂ 699 ಡಾಲರ್ ಕೊಟ್ಟವಳಿಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ಒಳ್ಳೆಯ ಸುದ್ದಿ: ಪಟ್ಟಿಗೆ ತಿಂಗಳ ಬಾಡಿಗೆ ಇರಲಿಲ್ಲ. ಅಮೆರಿಕದಲ್ಲಿ ಕೊಡಬೇಕಿತ್ತು. ಇದು ಸಣ್ಣ ವಿಷಯವಾಗಿರಲಿಲ್ಲ. ಟೀವಿ ಪಟ್ಟಿ ಮಾರುವ ಐಸ್‌ಟಿವಿ ಅನ್ನುವ ಸಿಡ್ನಿ ಕಂಪನಿಯ ಮೇಲೆ ಚಾನೆಲ್ ನೈನ್ ಹಾಕಿದ ಕೇಸು ಆಸ್ಟ್ರೇಲಿಯದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟಿನವರೆಗೂ ಹೋಗಿತ್ತು. ಎಷ್ಟು ಗಂಟೆಗೆ ಏನು ಬರುತ್ತೆ ಅನ್ನುವುದಕ್ಕೂ ಇಲ್ಲಿ ಆಗ ಜಗಳ.

ಪಟ್ಟಿ ಸರಿಯಿದ್ದರೂ ಚಾನೆಲ್‌ಗಳು ಹೊತ್ತಿಗೆ ಸರಿಯಾಗಿ ಮುಗಿಸುತ್ತಿರಲಿಲ್ಲ. ಹತ್ತು ನಿಮಿಷ ತಡ ಅನ್ನುವುದು ಮಾಮೂಲಾಗಿತ್ತು. ಕೊಲೆ ಮಾಡಿದ್ದು ಯಾರು ಅಂತ ಹೇಳುವಷ್ಟರಲ್ಲಿ ರೆಕಾರ್ಡಿಂಗ್ ಮುಗಿದಿರುತ್ತಿತ್ತು. ಪ್ರತಿ ಸೀಸನ್ ಪಾಸ್‌ಗೂ ಕೊನೆಗೆ ಕಾಲು ಗಂಟೆ ಜಾಸ್ತಿ ಸೇರಿಸಬೇಕಿತ್ತು. ಆಗ ಮುಂದಿನ ಕಾರ್ಯಕ್ರಮಕ್ಕೆ ಟ್ಯೂನರ್ ಸಾಲದೆ ತಕರಾರು ಬರಬಹುದಿತ್ತು, ಯಾವುದು ಮೊದಲು ಅಂತ ನಾವೇ ಕ್ರಮ ಹೇಳಿಡಬೇಕಿತ್ತು. ರೆಕಾರ್ಡ್ ಆದದ್ದನ್ನು 2008ರಲ್ಲಿ ಕಂಪ್ಯೂಟರಿಗೆ ಕಾಪಿ ಮಾಡೋಕೂ ಆಗುತ್ತಿರಲಿಲ್ಲ.

ಇನ್ನು ಕ್ರಿಕೆಟ್. ನಮ್ಮವರು ಮೊದಲು ಕೇಳುತ್ತಿದ್ದದ್ದೇ ಇದನ್ನು. ಟೈವೋ ಹಿಡಿಯುತ್ತಿದ್ದದ್ದು ಆಂಟೆನಾದಲ್ಲಿ ಬರುವ ಪುಕ್ಕಟೆ ಚಾನೆಲ್‌ಗಳನ್ನು ಮಾತ್ರ. 2008ರ ಅಕ್ಟೋಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ ಭಾರತ-ಆಸ್ಟ್ರೇಲಿಯ ಟೆಸ್ಟ್ ಆಯಿತಲ್ಲ, ಅದು ಬಂದದ್ದು ದುಡ್ಡು ಕೊಡುವ ಚಾನೆಲ್‌ನಲ್ಲಿ. ಆಟ ಶುರುವಾಗುತ್ತಿದ್ದದ್ದು ಇಲ್ಲಿಯ ಮೂರು ಗಂಟೆಗೆ, ಸರಿಯಾಗಿ ನನ್ನ ಶಿಫ್ಟಿಗೆ. ಜಹೀರ್, ಭಜ್ಜಿ ಇಬ್ಬರೂ ಸೇರಿ ಬ್ಯಾಟ್ ಬೀಸಿ ಮಾನ ಉಳಿಸಿದ್ದನ್ನು ನಾನು ಪೇಪರಿನಲ್ಲಿ ಓದಿದೆ. ಭಾರತದ ಸರಣಿಯೇ ಮುಖ್ಯ ಅನ್ನುವವರಿಗೆ ಇದು ತಕ್ಕದ್ದಾಗಿರಲಿಲ್ಲ. ದುಡ್ಡು ಕೊಡುವ ಚಾನೆಲ್‌ಗಳ ಕಂಪನಿ ಫಾಕ್ಸ್‌ಟೆಲ್‌ನವರದೇ ಐಕ್ಯೂ ರೆಕಾರ್ಡರ್ 2005ರಿಂದ ಇತ್ತು, ತಿಂಗಳ ಬಾಡಿಗೆ ಕಟ್ಟಬೇಕಿತ್ತು ಅಷ್ಟೇ. ಕನ್ನಡ ಚಾನೆಲ್ ಎರಡರಲ್ಲೂ ಇರಲಿಲ್ಲ.

ಇಲ್ಲಿಯ ಬೇಸಿಗೆ ಟೆಸ್ಟ್‌ಗಳು ಮಾತ್ರ ಆಗ ಚಾನೆಲ್ ನೈನ್‌ನಲ್ಲಿ ಪುಕ್ಕಟೆ ಬರುತ್ತಿದ್ದವು. ಆ ವರ್ಷ ನವೆಂಬರಿನಲ್ಲಿ ನ್ಯೂಜಿಲೆಂಡ್, ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕ. ಎಚ್‌ಡಿಯಲ್ಲಿ ಗಂಟೆಗೆ ಐದಾರು ಜಿಬಿ ಹೋಗುತ್ತಿತ್ತು, ಐದು ದಿನದ ಆಟ 160 ಜಿಬಿಯಲ್ಲಿ ಹಿಡಿಸುವ ಮಾತೇ ಇರಲಿಲ್ಲ. ಮಾಮೂಲಿ ಚಾನೆಲ್‌ನಲ್ಲೇ ರೆಕಾರ್ಡ್ ಮಾಡಬೇಕಿತ್ತು. ನಾನು ಹೇಳುವವರೆಗೆ ಅಳಿಸಬೇಡ ಅನ್ನುವ ಆಯ್ಕೆಯನ್ನೂ ಒತ್ತಿಡಬೇಕಿತ್ತು. ಇಲ್ಲದಿದ್ದರೆ ಜಾಗ ಸಾಲದಾದಾಗ ಹಳೆಯದರಿಂದ ಶುರುಮಾಡಿ ತಾನೇ ಅಳಿಸುತ್ತಿತ್ತು, ಐದನೇ ದಿನ ನಾವು ಕೂರುವ ಹೊತ್ತಿಗೆ ಮೊದಲನೇ ದಿನದ ಆಟ ಇರುತ್ತಿರಲಿಲ್ಲ.