ಟೆಂಟ್‌ನಲ್ಲಿ ಮಲಗಿದ ರಾತ್ರಿಗಳ ಲೆಕ್ಕ ಇಡುವ ಆ್ಯಪ್: ವರ್ಷ ಬಳಸಿದ ಮೇಲೆ

ಈ ಆ್ಯಪ್‌ಗೆ ಶುಕ್ರವಾರ ರಾತ್ರಿ ಅಂದರೆ ಏನು ಅಂತ ಗೊತ್ತಿಲ್ಲ. ವರ್ಷವಿಡೀ ಬಳಸಿದ ಮೇಲೂ ನನ್ನ ದೊಡ್ಡ ತಕರಾರು ಇದೇ.

ಬೆಂಗಳೂರಿನಲ್ಲಿ ಕೆಲಸ ಮಾಡುವವರು ಕ್ಯಾಂಪಿಂಗ್‌ಗೆ ಹೊರಡುವುದು ಹೇಗೆ ಅಂತ ನಿಮಗೇ ಗೊತ್ತಲ್ವಾ? ಶುಕ್ರವಾರ ಆಫೀಸ್ ಮುಗಿಸಿ, ಮನೆಯಲ್ಲಿ ಊಟ ಮಾಡಿ, ನೆಲಮಂಗಲ ದಾಟುವಾಗಲೇ ಹತ್ತು ಗಂಟೆ. ಸಕಲೇಶಪುರದ ಕಡೆ ಪರಿಚಯದವರ ಕಾಫಿ ತೋಟ ತಲುಪಿ, ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಟೆಂಟ್ ಹಾಕುವಷ್ಟರಲ್ಲಿ ಎರಡು ಗಂಟೆ ಆಗಿರುತ್ತದೆ. ಆಗ ಆ್ಯಪ್‌ನಲ್ಲಿ ರಾತ್ರಿ ಶುರುವಾಯಿತು ಅಂತ ಒತ್ತಿದರೆ ಅದು ಶನಿವಾರದ ಖಾತೆಗೆ ಹೋಗುತ್ತದೆ. ಮರುದಿನ ರಾತ್ರಿ ಒಂಬತ್ತಕ್ಕೆ ಮತ್ತೆ ಒತ್ತಿದರೆ ಅದೂ ಶನಿವಾರವೇ. ಒಂದು ತಾರೀಖಿಗೆ ಒಂದೇ ರಾತ್ರಿ ಅನ್ನುವುದು ಇದರ ನಿಯಮ. ಎರಡನೇ ರಾತ್ರಿ ಬಂದು ಮೊದಲನೇ ರಾತ್ರಿಯನ್ನು ಅಳಿಸಿಬಿಡುತ್ತದೆ. ಒಂದು ಮಾತೂ ಕೇಳುವುದಿಲ್ಲ. ಬರೆದ ಟಿಪ್ಪಣಿಯೂ ಹೋಯಿತು, ರಾತ್ರಿಯೂ ಹೋಯಿತು.

ನಮ್ಮ ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯ ಹುಟ್ಟಿದಾಗ. ಬೆಳಗಿನ ಜಾವ ಮೂರಕ್ಕೆ ಹುಟ್ಟಿದ ಮಗುವನ್ನು ನಮ್ಮಜ್ಜಿ ಹಿಂದಿನ ದಿನದ ವಾರಕ್ಕೇ ಸೇರಿಸುತ್ತಿದ್ದರು. ಟೆಂಟ್‌ನಲ್ಲಿ ಮಲಗುವವರಿಗೆ ಇದೇ ಸರಿಯಾದ ಲೆಕ್ಕ. ಹನ್ನೆರಡು ಗಂಟೆಗೆ ಅಲ್ಲಿ ಏನೂ ಬದಲಾಗುವುದಿಲ್ಲ. ಬದಲಾಗುವುದು ಬೆಳಕು ಹರಿದು ಜಿಪ್ ತೆಗೆದಾಗ. ರಾತ್ರಿಗಳನ್ನು ಎಣಿಸಲಿಕ್ಕೇ ಹುಟ್ಟಿದ ಆ್ಯಪ್‌ಗೆ ಇಷ್ಟು ತಿಳಿಯಬೇಡವೇ?

ಕಂಪನಿಗೆ ಬರೆದೆ. ಸಲಹೆಗೆ ಧನ್ಯವಾದ ಅಂತ ಉತ್ತರ ಬಂತು. ಅದಾದ ಮೇಲೆ ಅಪ್‌ಡೇಟ್‌ಗಳು ಬಂದವು, ಬಣ್ಣ ಬದಲಾಯಿತು, ಇದು ಮಾತ್ರ ಹಾಗೇ ಇದೆ. ಈಗ ನಾನು ತಲುಪಿದ ಸಮಯವನ್ನು ಕೈಯಾರೆ ಹಿಂದಿನ ದಿನದ 11:50 ಅಂತ ಬದಲಾಯಿಸುತ್ತೇನೆ. ರಾತ್ರಿ ಉಳಿಯುತ್ತದೆ. ಆದರೆ ತಲುಪಿದ ನಿಜವಾದ ಸಮಯ ದಾಖಲೆಯಲ್ಲಿ ಇರುವುದಿಲ್ಲ. ದಾಖಲೆ ಇಡಲು ಸುಳ್ಳು ಬರೆಯಬೇಕಾಗಿದೆ ಅನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ.

ವರ್ಷದ ಲೆಕ್ಕವೂ ಹೀಗೇ. ಡಿಸೆಂಬರ್ ಕೊನೆಯಲ್ಲಿ 'ನಿಮ್ಮ ವರ್ಷ' ಅಂತ ಚಂದದ ಚಿತ್ರ ಕಳಿಸುತ್ತದೆ. ನಮ್ಮ ಕಡೆ ಟೆಂಟ್ ಹೊರಗೆ ಬರುವುದೇ ಮಳೆ ನಿಂತ ಮೇಲೆ, ದೀಪಾವಳಿ ಹೊತ್ತಿಗೆ. ಯುಗಾದಿಯವರೆಗೆ ಭರಾಟೆ. ಡಿಸೆಂಬರ್ ಅಂದರೆ ಸೀಸನ್‌ನ ನಟ್ಟನಡುವೆ. ಹಳೇ ಅಂಗಡಿಯವರು ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕ ತೆರೆಯುವ ಹಾಗೆ ನಾನೂ ವರ್ಷವನ್ನು ಅಲ್ಲಿಂದಲೇ ಶುರು ಮಾಡುತ್ತೇನೆ. ಆ್ಯಪ್ ಇದಕ್ಕೆ ಒಪ್ಪುವುದಿಲ್ಲ. ಡೇಟಾವನ್ನು ಎಕ್ಸೆಲ್‌ಗೆ ಇಳಿಸಿಕೊಂಡು ನಾವೇ ಕೂಡಬೇಕು. ಇಳಿಸಿಕೊಳ್ಳಲು ಬಿಡುತ್ತದೆ, ಅದು ಪುಣ್ಯ.

ಯಾವುದು ರಾತ್ರಿ, ಯಾವುದು ಅಲ್ಲ ಅನ್ನುವುದು ನಮ್ಮ ಮನೆಯಲ್ಲೇ ಜಗಳ. ಮಂಚ, ಫ್ಯಾನ್ ಇರುವ ರೆಸಾರ್ಟ್ ಟೆಂಟನ್ನು ನಾನು ಸೇರಿಸುವುದಿಲ್ಲ. ಮಗಳ ಜೊತೆ ನಮ್ಮ ತಾರಸಿ ಮೇಲೆ ಟೆಂಟ್ ಹಾಕಿ ಮಲಗಿದ್ದನ್ನು ಸೇರಿಸುತ್ತೇನೆ. ಕುದುರೆಮುಖದಂಥ ಕಡೆ ಅರಣ್ಯ ಇಲಾಖೆ ರಾತ್ರಿ ತಂಗಲು ಬಿಡುವುದಿಲ್ಲ, ಸಂಜೆಯೊಳಗೆ ಇಳಿದುಬಿಡಬೇಕು. ಹಾಗಾಗಿ ಎಷ್ಟೇ ದೊಡ್ಡ ಚಾರಣವಾದರೂ ಅದು ಇಲ್ಲಿ ಸೊನ್ನೆ. "ಅಣ್ಣಾ, ರಾತ್ರಿ ಬಸ್ಸಿನಲ್ಲಿ ಸೊಂಟ ಮುರಿದುಕೊಂಡಿದ್ದೂ ಹಾಕ್ಕೋ" ಅಂತಾನೆ ತಮ್ಮ. ಹಾಕಿಲ್ಲ.

ಇಷ್ಟೆಲ್ಲ ದೂರು ಇದ್ದೂ ಆ್ಯಪ್ ಅಳಿಸಿ ಹಾಕಿಲ್ಲ. ಕಾರಣ, ನಮಗೆ ಬೇಕಾದ ಕಾಲಂ ನಾವೇ ಸೇರಿಸಿಕೊಳ್ಳಬಹುದು. ಇದರ ಬಗ್ಗೆ ಜಾಹೀರಾತಿನಲ್ಲಿ ಒಂದು ಸಾಲೂ ಇಲ್ಲ. ನನಗೆ ವರ್ಷವಿಡೀ ಖುಷಿ ಕೊಟ್ಟಿದ್ದು ಇದೇ.

ನಾನು ಸೇರಿಸಿದ ಮೊದಲ ಕಾಲಂ 'ತೇವ'. ಬೆಳಗ್ಗೆ ಎದ್ದ ತಕ್ಷಣ, ಸ್ಟವ್ ಹಚ್ಚುವ ಮೊದಲೇ, ಟೆಂಟಿನ ಹೊರಹೊದಿಕೆಯ ಒಳಮೈ ಮೇಲೆ ಬೆರಳು ಎಳೆಯುತ್ತೇನೆ. ಬೆರಳು ಒಣಗಿದ್ದರೆ 'ಒಣ'. ಗೆರೆ ಮೂಡಿದರೆ 'ತೇವ'. ಗೆರೆಯ ತುದಿಯಲ್ಲಿ ಹನಿ ಕಟ್ಟಿ ಮೊಣಕೈವರೆಗೆ ಇಳಿದು ಬಂದರೆ 'ಒದ್ದೆ'. ಪಕ್ಕದ ಕಾಲಂನಲ್ಲಿ ಜಾಗ ಹೇಗಿತ್ತು ಅಂತ ಎರಡು ಪದ: ನೀರಿನ ಅಂಚು, ಬಯಲು, ಮರದಡಿ, ತಗ್ಗು, ದಿಬ್ಬ. ಅಷ್ಟು ಹೊತ್ತಿಗೆ ಸ್ಟೀಲ್ ಬಾಟಲಿಯಲ್ಲಿ ಮನೆಯಿಂದ ತಂದ ಡಿಕಾಕ್ಷನ್‌ಗೆ ಹಾಲು ಬಿಸಿಯಾಗಿರುತ್ತದೆ. ದೂರದಲ್ಲಿ ಟಿಟ್ಟಿಭ ಕೂಗುತ್ತಿದ್ದರೆ ಅದನ್ನೂ ಬರೆಯುತ್ತೇನೆ. ಇದೆಲ್ಲ ಒಂದೆರಡು ನಿಮಿಷದ ಕೆಲಸ. ನೆಟ್‌ವರ್ಕ್ ಬೇಕಿಲ್ಲ.

ಚಳಿಗಾಲ ಮುಗಿದ ಮೇಲೆ 'ಒದ್ದೆ' ಅಂತ ಇರುವ ರಾತ್ರಿಗಳನ್ನಷ್ಟೇ ತೆಗೆದು ನೋಡಿದೆ. ಹೆಚ್ಚುಕಡಿಮೆ ಎಲ್ಲವೂ ನೀರಿನ ಅಂಚಿನಲ್ಲಿ ಅಥವಾ ತಗ್ಗಿನಲ್ಲಿ ಟೆಂಟ್ ಹಾಕಿದವು. ಮೋಡ ಇಲ್ಲದ, ಗಾಳಿ ಆಡದ ರಾತ್ರಿ ಟೆಂಟಿನ ಬಟ್ಟೆ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಹೊರಗೆ ಇಬ್ಬನಿ ಕೂರುತ್ತದೆ, ಒಳಗೆ ನಮ್ಮ ಉಸಿರಿನ ಆವಿ ನೀರಾಗುತ್ತದೆ. ತಣ್ಣನೆ ಗಾಳಿ ಭಾರವಾದ್ದರಿಂದ ಇಳಿಜಾರಿನಲ್ಲಿ ಜಾರಿ ತಗ್ಗಿಗೆ ಬಂದು ನಿಲ್ಲುತ್ತದೆ. ಮರದಡಿ ಇದ್ದರೆ ಎಲೆಗಳು ಆಕಾಶವನ್ನು ಮರೆ ಮಾಡುತ್ತವೆ, ಬಟ್ಟೆ ಅಷ್ಟು ತಣ್ಣಗಾಗುವುದಿಲ್ಲ. ಇದೆಲ್ಲ ಓದಿದ್ದೆ. ಆದರೆ ನಮ್ಮದೇ ರಾತ್ರಿಗಳಲ್ಲಿ ಸಾಲಾಗಿ ಕಂಡಾಗ ಬೇರೆಯೇ ಖಾತ್ರಿ ಬರುತ್ತದೆ.

ಈಗ ನೀರಿನಿಂದ ಸ್ವಲ್ಪ ಮೇಲಕ್ಕೆ, ದಿಬ್ಬದ ಮೇಲೆ, ಸಾಧ್ಯವಾದರೆ ಮರದ ಕೆಳಗೆ ಹಾಕುತ್ತೇನೆ. ಒಣಕೊಂಬೆ ಇಲ್ಲ ಅಂತ ತಲೆಯೆತ್ತಿ ನೋಡಿಕೊಂಡೇ. ಭಾನುವಾರ ಬೆಳಗ್ಗೆ ಟೆಂಟ್ ಒಣಗಲಿ ಅಂತ ಹತ್ತು ಗಂಟೆವರೆಗೆ ಕಾಯುವುದು ತಪ್ಪಿದೆ. ಒದ್ದೆ ಟೆಂಟ್ ಮಡಚಿ ತಂದು ಬಾಲ್ಕನಿಯಲ್ಲಿ ಹರಡುವುದೂ ಕಡಿಮೆಯಾಗಿದೆ. ಹಾಗೇ ಸುತ್ತಿಟ್ಟರೆ ಬೂಷ್ಟು ಹಿಡಿಯುತ್ತದೆ, ಒಳಗಿನ ಲೇಪನ ಅಂಟಂಟಾಗುತ್ತದೆ. ಒಂದು ಒಳ್ಳೆ ಟೆಂಟಿನ ಆಯಸ್ಸು ಇದರ ಮೇಲೇ ನಿಂತಿದೆ. ಹೊಸ ಟೆಂಟ್ ಕೊಳ್ಳುವ ಬಜೆಟ್ ನನಗೆ ಸದ್ಯಕ್ಕಿಲ್ಲ.

ಇನ್ನೊಂದು ಕಾಲಂ ಗ್ಯಾಸ್. ಹೊರಡುವ ಮೊದಲು, ಬಂದ ಮೇಲೆ ಕ್ಯಾನ್ ಅನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆಯುತ್ತೇನೆ. ಬಳಸಿದ ಕ್ಯಾನ್‌ನಲ್ಲಿ ಎಷ್ಟು ಉಳಿದಿದೆ ಅಂತ ಅಲ್ಲಾಡಿಸಿ ನೋಡುವ ಕಾಲ ಹೋಯಿತು. ಎರಡು ದಿನಕ್ಕೆ ನಮಗೆಷ್ಟು ಬೇಕು ಅಂತ ಈಗ ಗ್ರಾಂ ಲೆಕ್ಕದಲ್ಲಿ ಗೊತ್ತು, ಸುಮ್ನೆ ಇನ್ನೊಂದು ಕ್ಯಾನ್ ಹೊರುವುದಿಲ್ಲ.

ಮ್ಯಾಪ್ ಪರವಾಗಿಲ್ಲ. ಹೊನ್ನೆಮರಡಿನಲ್ಲಿ ಶರಾವತಿ ಹಿನ್ನೀರಿನ ದಡದಲ್ಲಿ ಬೇಸಿಗೆಯಲ್ಲಿ ಮಲಗಿದ ರಾತ್ರಿ ಮ್ಯಾಪ್‌ನಲ್ಲಿ ನೀಲಿ ನೀರಿನ ನಡುವೆ ಕಾಣುತ್ತದೆ. ಜಿಪಿಎಸ್ ಸರಿಯಾಗಿಯೇ ಇದೆ. ಮ್ಯಾಪ್‌ನಲ್ಲಿರುವುದು ಲಿಂಗನಮಕ್ಕಿ ಜಲಾಶಯ ತುಂಬಿದಾಗಿನ ಗಡಿ. ಬೇಸಿಗೆಗೆ ನೀರು ಇಳಿದು ದಡ ಬಹಳ ಮುಂದಕ್ಕೆ ಹೋಗಿರುತ್ತದೆ. ಮಳೆ ಬಂದರೆ ನಾವು ಮಲಗಿದ್ದ ಜಾಗ ಮತ್ತೆ ನೀರಿನಡಿ. ಆ ಚುಕ್ಕೆ ನನಗೆ ತುಂಬಾ ಇಷ್ಟ, ಸರಿಸಿಲ್ಲ.

ದುಡ್ಡಿನ ಮಾತು. ಪೂರ್ತಿ ಆವೃತ್ತಿಗೆ ವರ್ಷಕ್ಕೆ 899 ರೂಪಾಯಿ ಕೊಟ್ಟಿದ್ದೆ. ಅದರಲ್ಲಿ ಜಾಸ್ತಿ ಸಿಗುವುದು ಮ್ಯಾಪ್‌ನ ಬಣ್ಣಗಳು, ಫೋಟೊ ಜಾಗ ಮತ್ತು ಆ ಡಿಸೆಂಬರ್ ಚಿತ್ರ. ಸ್ವಂತ ಕಾಲಂಗಳು ಉಚಿತ ಆವೃತ್ತಿಯಲ್ಲೂ ಇವೆ. ಹಾಗಾಗಿ ಈ ಸಲ ದುಡ್ಡು ಕಟ್ಟಿಲ್ಲ, ಆ್ಯಪ್ ಬಿಟ್ಟಿಲ್ಲ. ನೀವು ಶನಿವಾರ ಬೆಳಗ್ಗೆ ಹೊರಟು ಸಂಜೆಯೊಳಗೆ ಟೆಂಟ್ ಹಾಕುವವರಾದರೆ ಧಾರಾಳವಾಗಿ ಬಳಸಿ, ನಿಮಗೆ ತಾರೀಖಿನ ತೊಂದರೆ ಬರುವುದೇ ಇಲ್ಲ. ನಮ್ಮ ಹಾಗೆ ಶುಕ್ರವಾರ ಹೊರಡುವವರಾದರೆ, ಟಿಪ್ಪಣಿ ಬರೆಯುವ ಮೊದಲು ತಾರೀಖು ಬದಲಾಯಿಸಿ, ಆಮೇಲೆ ಬರೆಯಿರಿ. ಐದರಲ್ಲಿ ಮೂರು ನಕ್ಷತ್ರ. ರಾತ್ರಿಯನ್ನು ಸೂರ್ಯೋದಯದವರೆಗೆ ಎಣಿಸಲು ಶುರು ಮಾಡಿದ ದಿನ ನಾಲ್ಕನೆಯದನ್ನೂ ಕೊಡುತ್ತೇನೆ, ದುಡ್ಡೂ ಕಟ್ಟುತ್ತೇನೆ.