ಹೊಸ ಡಿಎಂಗೆ ಯಾವ ಡಬ್ಬಿ? ಸ್ಟಾರ್ಟರ್ ಸೆಟ್ಟೋ, ಎಸೆನ್ಷಿಯಲ್ಸ್ ಕಿಟ್ಟೋ

ಒಬ್ಬೊಬ್ಬರು ಒಂದೊಂದು ಕ್ಯಾರೆಕ್ಟರ್ ಆಗಿ, ದಾಳ ಹಾಕುತ್ತಾ ಕತೆ ಮುಂದುವರಿಸುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ಮೊದಲ ಸಲ ಡಿಎಂ (ಡಂಜನ್ ಮಾಸ್ಟರ್, ಅಂದರೆ ಕತೆ ಹೇಳುತ್ತಾ ಆಟ ಆಡಿಸುವವರು) ಆಗುವವರು ದಪ್ಪ ದಪ್ಪ ಪುಸ್ತಕ ಕೊಳ್ಳಬೇಕಿಲ್ಲ. 2014ರ ಸ್ಟಾರ್ಟರ್ ಸೆಟ್ ಅಥವಾ 2019ರ ಎಸೆನ್ಷಿಯಲ್ಸ್ ಕಿಟ್, ಯಾವುದಾದರೂ ಒಂದು ಸಾಕು. ಎರಡನ್ನೂ ಗೆಳೆಯರಿಗೆ ಆಡಿಸಿದ್ದೇನೆ. ಎರಡರ ಕತೆಯೂ ಫ್ಯಾಂಡಲಿನ್ ಅನ್ನೋ ಒಂದೇ ಊರಿನ ಸುತ್ತ ನಡೆಯುತ್ತದೆ. ಡಿಎಂಗೆ ಬೀಳುವ ಕೆಲಸ ಮಾತ್ರ ಬೇರೆ.

ಸಾಮಾನು ನೋಡಿದರೆ ಕಿಟ್ಟೇ ಮೇಲು. 11 ದಾಳ, ಡಿಎಂ ಸ್ಕ್ರೀನ್ (ಡಿಎಂ ತನ್ನ ಟಿಪ್ಪಣಿ ಮರೆಮಾಡಿಕೊಳ್ಳುವ ರಟ್ಟು), ಮ್ಯಾಪ್, ಕಾರ್ಡುಗಳು ಎಲ್ಲ ಇವೆ. ಸ್ಟಾರ್ಟರ್‌ನಲ್ಲಿ ಆರೇ ದಾಳ. ಕ್ಯಾರೆಕ್ಟರ್ ಮಾಡಿಕೊಳ್ಳುವ ನಿಯಮವೂ ಇಲ್ಲ, ಸಿದ್ಧವಾಗಿರುವ ಐದರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ನನಗಂತೂ ಅದೇ ಅನುಕೂಲವಾಯಿತು. ಕ್ಯಾರೆಕ್ಟರ್ ಮಾಡೋಕೆ ಕೂತರೆ ಮೊದಲ ಸಂಜೆ ಅಲ್ಲೇ ಮುಗಿದುಹೋಗುತ್ತದೆ, ಅಲ್ವಾ?

ಸ್ಟಾರ್ಟರ್‌ನ ನಿಜವಾದ ಬಲ ಅದರ ಕತೆ, 'ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್'. ಗಾಡಿಯಲ್ಲಿ ಸಾಮಾನು ಸಾಗಿಸುತ್ತಿರುವಾಗ ದಾರಿಯಲ್ಲಿ ಎರಡು ಸತ್ತ ಕುದುರೆ. ಪೊದೆಯಲ್ಲಿ ನಾಲ್ಕು ಗಾಬ್ಲಿನ್, ಅಂದರೆ ಕುಳ್ಳ ರಾಕ್ಷಸರು. ಜಗಳ ಮುಗಿದರೆ ಅವು ಬಂದ ಜಾಡು ಸೀದಾ ಗುಹೆಗೆ ಹೋಗುತ್ತದೆ. ಮುಂದೇನು ಅಂತ ಆಟಗಾರರೂ ಕೇಳಲ್ಲ, ಡಿಎಂಗೂ ಮುಂದಿನ ವಾರ ಯಾವ ಪುಟ ಓದಬೇಕು ಅಂತ ಗೊತ್ತಿರುತ್ತದೆ. ಆದರೆ ಆ ಮೊದಲ ಜಗಳವೇ ಗಟ್ಟಿ. ವಿಜರ್ಡ್ (ಮಂತ್ರವಾದಿ ಕ್ಯಾರೆಕ್ಟರ್) ಒಂದೆರಡು ಏಟಿಗೆ ಮಲಗಿಬಿಡಬಹುದು. ಪುಸ್ತಕದಲ್ಲೇ ಉಪಾಯ ಇದೆ: ಗಾಬ್ಲಿನ್‌ಗಳು ಗೆದ್ದರೆ ಕೊಲ್ಲಲ್ಲ, ಪ್ರಜ್ಞೆ ತಪ್ಪಿದವರನ್ನು ದೋಚಿಕೊಂಡು ಹೋಗುತ್ತವೆ. ಈ ಸಾಲನ್ನು ಆಟಕ್ಕೆ ಮುಂಚೆಯೇ ಓದಿಟ್ಟುಕೊಳ್ಳಿ. ಊರಿಗೆ ಬಂದ ಮೇಲೆ ಹೆಸರುಗಳ ಸಂತೆ. ಒಂದು ಚೀಟಿಯಲ್ಲಿ ಬರೆದುಕೊಳ್ಳದೆ ಆಗಲ್ಲ.

ಕಿಟ್ಟಿನ 'ಡ್ರ್ಯಾಗನ್ ಆಫ್ ಐಸ್‌ಸ್ಪೈರ್ ಪೀಕ್' ಹಾಗಲ್ಲ. ಊರಿನ ನೋಟಿಸ್ ಬೋರ್ಡಿನಲ್ಲಿ ಕೆಲಸಗಳು ಅಂಟಿಸಿರುತ್ತವೆ, ಬೇಕಾದ್ದನ್ನು ಆಟಗಾರರು ಆರಿಸುತ್ತಾರೆ. ಒಂದೊಂದೂ ಕೆಲವೇ ಪುಟ. ಆಟದ ದಿನ ಬೆಳಿಗ್ಗೆ ಓದಿದರೂ ನಡೆಯುತ್ತದೆ. ವಾರಕ್ಕೊಬ್ಬರು ಕೈಕೊಡುವ ನಮ್ಮಂಥ ಗುಂಪಿಗೆ ಇದು ಹೇಳಿ ಮಾಡಿಸಿದಂತಿದೆ. ಆಡೋಕೆ ಒಬ್ಬರೇ ಬಂದರೂ ಸೈಡ್‌ಕಿಕ್ ನಿಯಮ ಇದೆ, ಜೊತೆಗೊಬ್ಬ ಸಹಾಯಕನನ್ನು ಕೊಟ್ಟು ಆಡಿಸಬಹುದು. ಸ್ಟಾರ್ಟರ್‌ನಲ್ಲಿ ಇದಿಲ್ಲ.

ಕಷ್ಟ ಏನೆಂದರೆ, ಕೆಲಸಕ್ಕೂ ಕೆಲಸಕ್ಕೂ ನಂಟು ಕಮ್ಮಿ. ಬಿಳಿ ಡ್ರ್ಯಾಗನ್ ಎಲ್ಲಿ ಹಾರಾಡುತ್ತಿದೆ ಅಂತ ಡಿಎಂ ದಾಳ ಹಾಕಿ ನೋಡಬೇಕು. ಅದು ಕಾಣಿಸದೇ ಹೋದರೆ ಅದರ ಭಯವೂ ಹುಟ್ಟಲ್ಲ. ಇನ್ನೊಂದು, ಮೊದಲ ಲೆವೆಲ್‌ನಲ್ಲೇ ಅಂಬ್ರೇಜ್ ಹಿಲ್ ಅನ್ನೋ ಗುಡ್ಡದಲ್ಲಿ ಮ್ಯಾಂಟಿಕೋರ್ ಅನ್ನೋ ರೆಕ್ಕೆಯ ಮೃಗ ಎದುರಾಗುತ್ತದೆ. 68 ಹಿಟ್ ಪಾಯಿಂಟ್ (ಬೀಳುವ ಮುಂಚೆ ಎಷ್ಟು ಏಟು ತಡೆಯುತ್ತದೆ ಅನ್ನೋ ಲೆಕ್ಕ), ಜೊತೆಗೆ ಹಾರುತ್ತಾ ಬಾಲದ ಮುಳ್ಳು ಎಸೆಯುತ್ತದೆ. ಅದು ಮಾತುಕತೆಗೆ ಬರುತ್ತದೆ ಅನ್ನೋದನ್ನು ಆಟಗಾರರಿಗೆ ಬೇಗ ತೋರಿಸಿಬಿಡಿ. ಮೊದಲು ಅದರ ಬಾಯಲ್ಲೇ ಒಂದು ಮಾತಾಡಿಸಿದರೆ ಸಾಕು.

ಎರಡರಲ್ಲೂ ಗಟ್ಟಿಯಾಗಿ ಓದಿ ಹೇಳೋಕೆ ಇಂಗ್ಲಿಷ್ ಪ್ಯಾರಾಗಳಿವೆ. ಸುಮ್ನೆ ಓದಿದರೆ ಎಲ್ಲರೂ ಮೊಬೈಲ್ ನೋಡುತ್ತಾರೆ. ಕನ್ನಡದಲ್ಲಿ ಎರಡೇ ಸಾಲು ಹೇಳಿದರೆ ಕೇಳುತ್ತಾರೆ.

ನಾಲ್ಕೈದು ಜನ ತಪ್ಪದೆ ಸೇರುವುದಾದರೆ ಸ್ಟಾರ್ಟರ್, ಇಲ್ಲದಿದ್ದರೆ ಕಿಟ್. ನಾನೀಗ ಸ್ಟಾರ್ಟರ್ ಕತೆಯನ್ನೇ ಕಿಟ್ಟಿನ ಸ್ಕ್ರೀನ್ ಇಟ್ಟುಕೊಂಡು ಆಡಿಸುತ್ತೇನೆ. ಯಾರಾದರೂ ಬರದ ವಾರ ನೋಟಿಸ್ ಬೋರ್ಡಿನಿಂದ ಒಂದು ಸಣ್ಣ ಕೆಲಸ ತೆಗೆಯುತ್ತೇನೆ. ಊರು ಒಂದೇ ಆದ್ದರಿಂದ ಯಾರಿಗೂ ಅನುಮಾನ ಬರಲ್ಲ.