ಆಯಿಲ್ ಚೇಂಬರ್ ಬೋಲ್ಟಿನ ಥ್ರೆಡ್ ಹೋದರೆ: ದಪ್ಪ ಬೋಲ್ಟೋ, ಹೆಲಿಕಾಯಿಲೋ, ಹೊಸ ಚೇಂಬರೋ?

ಮನೆಯಲ್ಲೇ ಕಾರಿನ ಎಂಜಿನ್ ಆಯಿಲ್ ಬದಲಿಸಿ, ಚೇಂಬರಿನ ಡ್ರೈನ್ ಬೋಲ್ಟ್ (ಹಳೇ ಆಯಿಲ್ ಇಳಿಸುವ ತೂತಿನ ಬೋಲ್ಟ್) ಅತಿಯಾಗಿ ಬಿಗಿದು ತೂತಿನೊಳಗಿನ ಥ್ರೆಡ್ ಹಾಳಾಗಿದೆ, ಈಗ ಏನು ಮಾಡಲಿ ಅಂತ ಕೇಳಿದ್ದೀರಿ. ಮೊದಲು ವಾಷರ್ ನೋಡಿ. ಬೋಲ್ಟ್ ಗಟ್ಟಿಯಾಗಿ ಕೂತೂ ಜಿನುಗುತ್ತಿದ್ದರೆ ಹಳೇ ವಾಷರಿನದ್ದೇ ತಪ್ಪಿರಬಹುದು. ಬಿಗಿದಷ್ಟೂ ಸುಮ್ಮನೆ ತಿರುಗಿದರೆ ಮಾತ್ರ ಮುಂದೆ ಓದಿ.

ಖರ್ಚಿನಲ್ಲಿ ದಪ್ಪ ಬೋಲ್ಟೇ ಅಗ್ಗ. ತಾನೇ ಥ್ರೆಡ್ ಕೊರೆದುಕೊಂಡು ಕೂರುತ್ತದೆ. ಆದರೆ ಓರೆಯಾಗಿ ಹೊಕ್ಕರೆ ಕೆಲಸ ಕೆಟ್ಟಿತು; ಅಲ್ಯೂಮಿನಿಯಂ ಚೇಂಬರ್ ಸೀಳಲೂಬಹುದು. ಹೊಸ ಚೇಂಬರ್ ಎಲ್ಲಕ್ಕಿಂತ ದುಬಾರಿ, ಕೆಲವು ಗಾಡಿಗಳಲ್ಲಿ ಅದನ್ನು ಇಳಿಸಲು ಬೇರೆ ಭಾಗಗಳನ್ನೂ ಬಿಚ್ಚಬೇಕು.

ಬಾಳಿಕೆಗೆ ಬಂದರೆ ನನ್ನ ಒಲವು ಹೆಲಿಕಾಯಿಲ್ ಕಡೆಗೆ. ತೂತು ದೊಡ್ಡದು ಮಾಡಿ, ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಹೊಡೆದು, ಉಕ್ಕಿನ ಸುರುಳಿ ಕೂರಿಸುತ್ತಾರೆ. ಕಂಪನಿಯ ಅಳತೆಯ ಬೋಲ್ಟೇ ಮತ್ತೆ ಹಿಡಿಯುತ್ತದೆ. ಟ್ಯಾಪಿಗೆ ಗ್ರೀಸ್ ಮೆತ್ತಿದರೆ ಲೋಹದ ಪುಡಿ ಅದಕ್ಕೇ ಅಂಟುತ್ತದೆ. ಉಳಿದದ್ದನ್ನು ಬೋಲ್ಟ್ ಹಾಕುವ ಮುಂಚೆ ಸ್ವಲ್ಪ ಆಯಿಲ್ ಸುರಿದು ತೊಳೆದುಬಿಡಿ. ಕೈ ಪಳಗಿಲ್ಲದಿದ್ದರೆ ಶಿವಮೊಗ್ಗದ ಯಾವುದಾದರೂ ಒಳ್ಳೇ ಲೇತ್ ಅಂಗಡಿಯವರಿಗೇ ಬಿಡಿ. ಗಾಡಿ ಓಡಿಸಿಕೊಂಡು ಹೋಗಬೇಡಿ, ಎಳೆಸಿಕೊಂಡು ಹೋಗಿ.

ಪೇಟೆಯೊಳಗೆ ಓಡುವ, ಕಬ್ಬಿಣದ ಚೇಂಬರಿನ ಹಳೇ ಕಾರಿಗೆ ದಪ್ಪ ಬೋಲ್ಟ್ ಸಾಕು. ವಾರವಾರ ಆಗುಂಬೆ ಘಾಟಿ ಹತ್ತಿಳಿಯುವವರು ಹೆಲಿಕಾಯಿಲ್ ಹಾಕಿಸಲಿ. ತೋಟದ ದಾರಿಯ ಕಲ್ಲು ಬಡಿದು ಚೇಂಬರ್ ಮೊದಲೇ ನೆಗ್ಗಿದ್ದರೆ, ಬಿರುಕು ಬಿಟ್ಟಿದ್ದರೆ ರಿಪೇರಿಗೆ ದುಡ್ಡು ಸುರಿಯಬೇಡಿ, ಹೊಸದೇ ಹಾಕಿಸಿ. ಹೊಸ ಚೇಂಬರ್ ಕೂರಿಸುವಾಗ ಸಿಲಿಕಾನ್ ಗ್ಯಾಸ್ಕೆಟ್ (ಸಂದಿ ಸೋರದಂತೆ ಹಚ್ಚುವ ಪೇಸ್ಟ್) ಹಚ್ಚಿದ್ದರೆ ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಿ. ಚಳಿಯಿದ್ದರೆ ಇನ್ನೂ ಸ್ವಲ್ಪ ಜಾಸ್ತಿ. ಆಮೇಲಷ್ಟೇ ಆಯಿಲ್ ತುಂಬಿ.